ಉತ್ತರದ ಕಿಟಕಿಯಲ್ಲಿ ಕರಿಹರಳು

"ಗುರುಗಳೇ, ಜೊತೆಯವರು ಮಾತಾಡಿದರೆ ಸಭೆ ತಲೆದೂಗುತ್ತದೆ. ನಾನು ಎದ್ದು ನಿಂತರೆ ನಾಲಿಗೆಯೇ ಹೊರಳುವುದಿಲ್ಲ. ನನ್ನಲ್ಲಿ ಏನೂ ಇಲ್ಲ. ಊರಿಗೆ ಹೊರಟುಹೋಗಲೇ?" ಎಂದು ಶಿಷ್ಯನೊಬ್ಬ ಕೇಳಿದ. ಅವನ ಗಂಟು ಆಗಲೇ ಬಾಗಿಲ ಬಳಿ ಇತ್ತು.

"ಹೋಗುವೆಯಂತೆ, ಕುಳಿತುಕೋ" ಎಂದು ಗುರುಗಳು ಕತೆ ಹೇಳಿದರು.

ಹರಳು ಸಾಣೆ ಹಿಡಿಯುವವರ ಒಂದು ಪೇಟೆ. ಅಲ್ಲಿಗೆ ದೂರದ ಸೀಮೆಯಿಂದ ಒಬ್ಬ ಹೆಂಗಸು ಬಂದಳು. ಗಂಡ ತೀರಿಕೊಂಡಿದ್ದ, ಕೈಯಲ್ಲಿ ಕಸುಬಿತ್ತು. ಹೊಸಬರು ತಾವೇ ಸಾಣೆ ಹಿಡಿದ ಒಂದು ಹರಳನ್ನು ಪೇಟೆಯ ಯಜಮಾನನ ಮುಂದಿಡಬೇಕು. ಅವನು ಒಪ್ಪಿದರೆ ಪೇಟೆಯಲ್ಲಿ ಜಾಗ, ಇಲ್ಲವಾದರೆ ಬಂದ ದಾರಿ. ಇದು ಅಲ್ಲಿನ ಕಟ್ಟಳೆ.

ಅವಳ ಬಳಿ ಇದ್ದದ್ದು ತವರಿನ ಹಳ್ಳದಲ್ಲಿ ಆಯ್ದ ಒಂದು ಕರಿಗಲ್ಲು. ಬಂಡೆಗಳ ಮೈಯಲ್ಲಿ ಕಾಳುಕಾಳಾಗಿ ಬೆರೆತಿರುವ ಕಲ್ಲಿನ ಜಾತಿಯದೇ. ಈಗಿನವರು ಅದನ್ನು ಡಯಾಪ್ಸೈಡ್ ಎನ್ನುತ್ತಾರೆ. ಮೋಡ ಮುಸುಕಿದ ದಿನಗಳು. ಸತ್ರದ ಜಗಲಿಯಲ್ಲಿ ಕುಳಿತು, ಪೇಟೆಯವರಂತೆ ಅದಕ್ಕೆ ಹೊಳೆಯುವ ಚಪ್ಪಟೆ ಮುಖಗಳನ್ನು ಕಡಿಯಹೋದಳು. ಕಡಿದಲ್ಲೆಲ್ಲ ಅಂಚು ಚಕ್ಕೆಯೆದ್ದಿತು. ಕೊನೆಗೆ ಅಂಚುಗಳನ್ನೆಲ್ಲ ಸವೆಸಿ, ಅರ್ಧ ನೇರಳೆಹಣ್ಣಿನಂತೆ ಉಬ್ಬಾಗಿ ಮಾಡಿಕೊಂಡು ಯಜಮಾನನ ಬಳಿಗೆ ಹೋದಳು.

ಯಜಮಾನ ಹರಳು ನೋಡುತ್ತಿದ್ದದ್ದು ಉತ್ತರದ ಕಿಟಕಿಯಲ್ಲಿ. ಬಿಸಿಲು ಬೀಳದ ಆ ಬೆಳಕಿನಲ್ಲಿ ಬಣ್ಣ ಸುಳ್ಳು ಹೇಳುವುದಿಲ್ಲವೆಂದು ತಾತಂದಿರ ಕಾಲದಿಂದಲೂ ನಂಬಿಕೆ. ಕೆಂಪನ್ನೂ ಪಚ್ಚೆಯನ್ನೂ ಅಲ್ಲಿಯೇ ಪರೀಕ್ಷಿಸಿದ್ದರು. ಅವನು ಕರಿಹರಳನ್ನು ಹಿಡಿದು, ತಿರುಗಿಸಿ, ಮತ್ತೆ ಹಿಡಿದ.

"ತಾಯೀ, ಇದಕ್ಕಿಂತ ನಮ್ಮನೆ ಒಲೆಯ ಇದ್ದಿಲೇ ವಾಸಿ. ಹೊತ್ತಿಸಿದರೆ ಬೆಳಕಾದರೂ ಕೊಡುತ್ತೆ."

ಸುತ್ತ ಕುಳಿತವರು ನಕ್ಕರು.

"ಇದ್ದಿಲಿಗೆ ಇಷ್ಟು ನುಣುಪು ಬರಿಸಿ ತೋರಿಸಿ, ಯಜಮಾನರೇ" ಎಂದಳು ಅವಳು.

ನಗು ನಿಂತಿತು. ಯಜಮಾನ ಹರಳಿನ ನುಣುಪನ್ನು ಹೆಬ್ಬೆರಳಿನಿಂದ ಸವರಿದ. ಆದರೂ ಕಟ್ಟಳೆ ಕಟ್ಟಳೆಯೇ. ಹಿಂದಕ್ಕೆ ಕೊಟ್ಟುಬಿಟ್ಟ.

ಅವಳು ಅಂಗಳಕ್ಕೆ ಇಳಿದಳು. ಮೋಡ ಒಡೆದು ಬಿಸಿಲು ಬಿದ್ದಿತ್ತು. ಯಾವ ಕಡೆಗೆ ಹೋಗುವುದೆಂದು ತಿಳಿಯದೆ ನಿಂತು, ತವರಿನ ಕಲ್ಲನ್ನಾದರೂ ನೋಡೋಣವೆಂದು ಅಂಗೈ ಬಿಚ್ಚಿದಳು. ನೇರ ಬಿಸಿಲು ತಾಗಿದ ಕಪ್ಪು ಬೆನ್ನ ಮೇಲೆ ನಾಲ್ಕು ಕಿರಣಗಳ ಬಿಳಿ ನಕ್ಷತ್ರವೊಂದು ಮೂಡಿತ್ತು. ಅಂಗೈ ವಾಲಿಸಿದಳು. ನಕ್ಷತ್ರ ಜಾರಿ, ಸೂರ್ಯನಿದ್ದ ಕಡೆಗೇ ನಿಂತಿತು.

ಅವಳು ಕೂಗಲಿಲ್ಲ. ಬಾಗಿಲಲ್ಲಿ ನಿಂತಿದ್ದ ಯಜಮಾನನೇ ಕಂಡ. ಬರಿಗಾಲಲ್ಲಿ ಇಳಿದು ಬಂದು, ಬಹಳ ಹೊತ್ತು ಬಗ್ಗಿ ನೋಡಿದ. ಆಮೇಲೆ ಒಳಗಿದ್ದವರಿಗೆ ಕೂಗಿ ಹೇಳಿದ: "ಈಯಮ್ಮನ ಸಾಣೆಗೆ ಜಾಗ ಮಾಡ್ರಪ್ಪಾ. ಅಂಗಳದ ಕಡೆಗೇ ಇರಲಿ."

ಗುರುಗಳು ಕತೆ ನಿಲ್ಲಿಸಿದರು.

"ಆಕೆಯ ಕಲ್ಲಿನಲ್ಲಿ ನಕ್ಷತ್ರವಿತ್ತು, ಗುರುಗಳೇ. ನನ್ನಲ್ಲಿ ಇಲ್ಲವಲ್ಲ" ಎಂದ ಶಿಷ್ಯ.

ಗುರುಗಳು ಕೇಳಿದರು: "ನಿನ್ನನ್ನು ನೀನು ಯಾವ ಕಿಟಕಿಯಲ್ಲಿ ಹಿಡಿದು ನೋಡಿದೆಯಪ್ಪಾ?"