ಬೆನ್ನ ಹಿಂದಿನ ಕೆಲಸ

ಸೌದೆ ಸೀಳುವ ಯಂತ್ರಕ್ಕೆ ಸ್ವಂತ ಇಂಜಿನ್ ಕೂರಿಸಿದರು. ಹತ್ತು ವರ್ಷ ಅದನ್ನು ಬೆನ್ನಿಗೆ ಕಟ್ಟಿಕೊಂಡು ತನ್ನ ಬಲದಿಂದಲೇ ನಡೆಸಿದ್ದ ಟ್ರ್ಯಾಕ್ಟರು, ಇನ್ನು ತನ್ನನ್ನು ಗುಜರಿಗೆ ಹಾಕುತ್ತಾರೆಂದು ಹೆದರಿತು.

"ಈ ಚೋಟುದ್ದದವನ ಬಲ ಸಾಕೇನಪ್ಪಾ ನಿನಗೆ?" ಎಂದು ಯಂತ್ರವನ್ನು ಕೆಣಕಿತು.

"ಸೀಳಲು ಸಾಕು, ಅಣ್ಣಾ. ಆದರೆ ಮರ ಬಿದ್ದಲ್ಲಿಗೆ ಹೋಗಲು ನಮ್ಮಿಬ್ಬರಿಗೂ ನೀನೇ ಗತಿ," ಎಂದಿತು ಯಂತ್ರ.

ಟ್ರ್ಯಾಕ್ಟರು ಅವೆರಡನ್ನೂ ಬಿದ್ದ ಹುಣಸೆಮರದ ಬಳಿಗೆ ಎಳೆದೊಯ್ದು, ಕೊಂಡಿ ಕಳಚಿದ ಮೇಲೆ ಎದುರಿಗೆ ಬಂದು ನಿಂತಿತು. ಇಂಜಿನ್ ಗುಡುಗಿತು. ಗಂಟುಗಂಟಾದ ಕೊರಡು ಬಾಳೆದಿಂಡಿನಂತೆ ಎರಡು ಹೋಳಾಯಿತು.

"ಎಲಾ! ಇಷ್ಟು ಚೆಂದ ಸೀಳುವುದನ್ನು ಯಾವಾಗ ಕಲಿತೆ?"

"ಮೊದಲಿನಿಂದಲೂ ಹೀಗೇ, ಅಣ್ಣಾ. ಹತ್ತು ವರ್ಷ ಸೀಳಿದ್ದೆಲ್ಲ ನಿನ್ನ ಬಲದಿಂದ. ನೀನು ಅತ್ತ ಮುಖಮಾಡಿ ದುಡಿಯುತ್ತಿದ್ದೆ, ಅದಕ್ಕೇ ಕಂಡಿರಲಿಲ್ಲ."

ಸಂಜೆ ಅವೆರಡನ್ನೂ ಮನೆಗೆ ಎಳೆದು ತರುವಾಗ ಟ್ರ್ಯಾಕ್ಟರು ಹೊಂಡಗಳನ್ನೆಲ್ಲ ತಪ್ಪಿಸಿ ನಿಧಾನವಾಗಿ ನಡೆಯಿತು.