ಕುಲಪತಿಗಳ ಪರಿಚಯ

ಹನ್ನೊಂದು ಜಿಲ್ಲೆಗಳಲ್ಲಿ ಕಲೆಕ್ಟರಾಗಿ ದರ್ಬಾರು ನಡೆಸಿದ ಜಯದೇವರಾಯರು ನಿವೃತ್ತರಾದ ಮೇಲೆ ಕುಲಪತಿಯಾಗಿ ಬಂದರು. ಬಂದವರೇ ಟೈಪಿಸ್ಟ್ ಕಮಲಾಕ್ಷಿಯನ್ನು ಕರೆದರು.

"ಘಟಿಕೋತ್ಸವದಲ್ಲಿ ಓದೋದಕ್ಕೆ ನನ್ನ ಪರಿಚಯ ಬರೆಯಮ್ಮ. ಜನ ನನ್ನನ್ನ ಎಷ್ಟು ಪ್ರೀತಿಸಿದರು ಅಂತ ಬರಬೇಕು. ಇಲ್ಲದಿದ್ದರೆ ವರ್ಗ ಮಾಡಿಬಿಡ್ತೀನಿ."

ಕಮಲಾಕ್ಷಿ ಹಳೆಯ ಪತ್ರಿಕೆಗಳನ್ನೆಲ್ಲ ತಿರುವಿಹಾಕಿದಳು. ಪ್ರೀತಿಯ ಸುದ್ದಿ ಒಂದೂ ಸಿಗಲಿಲ್ಲ. ಕೊನೆಗೆ ಸಿಕ್ಕಿದ್ದನ್ನೇ ಬರೆದಳು: "ಇವರು ಊರು ಬಿಟ್ಟ ದಿನ ಹನ್ನೊಂದು ಜಿಲ್ಲೆಗಳಲ್ಲೂ ಜನ ಬೀದಿಗಿಳಿದು ಸಿಹಿ ಹಂಚಿದರು."

ಹೊಗಳಿಕೆಯೆಂದೇ ತಿಳಿದು ರಾಯರು ಹಿಗ್ಗಿ ಸಹಿ ಹಾಕಿದರು. ಘಟಿಕೋತ್ಸವದಲ್ಲಿ ಅದನ್ನು ಓದಿದಾಗ ಸಭೆಯೆಲ್ಲ ಗೊಳ್ಳೆಂದು ನಕ್ಕಿತು.

ಮರುದಿನ ರಾಯರು ಕೆಂಡವಾಗಿದ್ದರು. "ನಿನ್ನನ್ನ ವರ್ಗ ಮಾಡಿದ್ದೀನಿ."

"ಆಗಲಿ ಸಾರ್. ಆದೇಶ ನಾನೇ ಟೈಪ್ ಮಾಡ್ತೀನಿ. ಕಾರಣ ಏನಂತ ಹಾಕಲಿ?" ಎಂದಳು ಕಮಲಾಕ್ಷಿ.

ರಾಯರು ಪರಿಚಯದ ಹಾಳೆ ಎತ್ತಿಕೊಂಡರು; ಕೆಳಗೆ ತಮ್ಮದೇ ಸಹಿಯಿತ್ತು. ಆ ಕಾರಣ ಅವರಿಗೆ ಇನ್ನೂ ಹೊಳೆದಿಲ್ಲ.