ಬಂಡೆಯ್ಯನ ಉಡಿದಾರ

ಈ ಕತೆ ನಮ್ಮಜ್ಜಿದು. ಸುತ್ತ ಹತ್ತೂರು ಹುಡುಕಿದ್ರೂ ಇನ್ನೊಬ್ಬರ ಬಾಯಲ್ಲಿ ಇದನ್ನ ಕೇಳೋಕಾಗಲ್ಲ, ಬೇಕಾದ್ರೆ ಪಂದ್ಯ ಕಟ್ರಿ. ನಾನು ಚಿಕ್ಕೋನಿದ್ದಾಗ ಒಂದಿನ ಸೊಂಟದ ಹತ್ರ ಕೆರೀತದೆ, ನಿದ್ದೆ ಬರಲ್ಲ ಅಂತ ರಂಪ ಮಾಡಿದ್ದಕ್ಕೆ ಕಂಬಳಿ ಹೊದಿಸಿ ಹೇಳಿದ್ದು. ಅವಳು ಹೇಳಿದಂಗೇ ಇಡ್ತೀನಿ.

ಒಂದಾನೊಂದು ಕಾಲದಲ್ಲಿ, ಬೆಟ್ಟಕ್ಕೆ ಮೆಟ್ಲು ಕಡಿಯೋದು ಇನ್ನೂ ಯಾರಿಗೂ ಗೊತ್ತಿಲ್ಲದ ಕಾಲದಲ್ಲಿ ಕಣೋ, ಕಲ್ಲುಗುಡ್ಡದ ಬುಡದಲ್ಲಿ ಪಾಲಯ್ಯ ಅಂತ ಒಬ್ಬ ಇದ್ದನಂತೆ. ಅವನ ಹೆಂಡ್ತಿ ಬೋರವ್ವ. ಮೂರು ಗಂಡುಮಕ್ಕಳು, ದೊಡ್ಡೋನು ಓಬ, ನಡುವಿನೋನು ಸೂರ, ಕಿರಿಯೋನು ಕಾಟ. ನಾಲ್ಕನೇ ಮಗ ಅಂದ್ರೆ ಒಂದು ಉಡ, ಬಂಡೆಯ್ಯ ಅಂತ ಹೆಸರು. ನಗಬ್ಯಾಡ, ಆ ಮನೇಲಿ ಅದಕ್ಕೂ ಒಂದು ತಟ್ಟೆ ಇತ್ತಂತೆ, ತಟ್ಟೇಲಿ ದಿನಾ ಕೋಳಿಮೊಟ್ಟೆ ಇರ್ತಿತ್ತಂತೆ. ಪಾಲಯ್ಯನ ಕಸುಬು ಜೇನು ಕೀಳೋದು. ಉಡದ ಸೊಂಟಕ್ಕೆ ಹಗ್ಗ ಕಟ್ಟಿ ಬಂಡೆಗೆ ಬಿಟ್ರೆ ಅದು ಸರಸರ ಹತ್ತಿ, ಮೇಲೆ ಬಿರುಕಲ್ಲಿ ಉಗುರು ಊರಿ ಕೂತ್ಕೊಂತಿತ್ತಂತೆ. ಆಮೇಲೆ ಆ ಹಗ್ಗ ಹಿಡಿದು ಇವನು ಹತ್ತೋನಂತೆ. ಮಕ್ಕಳಿಗೆ ಕಟ್ಟಿದಂಗೇ ಅದಕ್ಕೂ ಸೊಂಟಕ್ಕೊಂದು ಕೆಂಪು ಉಡಿದಾರ ಕಟ್ಟಿದ್ದನಂತೆ.

ಒಂದಿನ ಪಾಲಯ್ಯ ಆಚೆ ದುರ್ಗದ ಬಂಡೇಲಿ ದೊಡ್ಡ ಹೆಜ್ಜೇನು ಕಟ್ಟಿದೆ ಅಂತ ಹೊರಟನಂತೆ. ಬಂಡೆಯ್ಯ ಪೊರೆ ಬಿಡ್ತಾ ಇತ್ತು, ಮೈ ನೋಯ್ತದೆ, ಈ ಸಾರಿ ಬ್ಯಾಡ ಮಗಾ ಅಂದನಂತೆ. ಹಳೇ ಉಡಿದಾರ ನವೆದಿತ್ತು, ಹೊಸದು ಕಟ್ಟಿ, ಬೋರಿ, ನಾನು ಬರೋವರ್ಗೂ ಇದನ್ನ ಯಾರೂ ಮುಟ್ಟಬ್ಯಾಡ್ರಿ ಅಂತ ಹೇಳಿ ಹೋದನಂತೆ. ಹೋದೋನು ಬರಲೇ ಇಲ್ಲ.

ಎಷ್ಟೋ ತಿಂಗಳು ಕಳೆದ ಮೇಲೆ ಒಬ್ಬ ಕುರಿ ಕಾಯೋನು ಬಂದು ಸುದ್ದಿ ಹೇಳಿದನಂತೆ. ಆಚೆ ದುರ್ಗದ ದೊರೆ ಪಾಲಯ್ಯನ್ನ ಕಳ್ಳ ಗೂಢಚಾರ ಅಂತ ಹಿಡಿದು, ಬಂಡೆ ನಡುವೆ ಒಂದು ಗವಿಗೆ ಮೇಲಿಂದ ಬುಟ್ಟೀಲಿ ಇಳಿಸಿ ಬಿಟ್ಟಿದಾನಂತೆ. ಮೇಲೆ ಕಾವಲು, ಕೆಳಗೆ ಬರೀ ಬಂಡೆ. ಮುಂಗಾರಿನ ಮೊದಲನೇ ಗುಡುಗು ಕೇಳಿದ ದಿನ ಅಲ್ಲಿಂದ ತಳ್ತೀವಿ ಅಂತ ಡಂಗುರ ಹೊಡೆಸಿದಾರಂತೆ. ಬೋರವ್ವ ಅಳಲಿಲ್ಲ. ನನ್ನ ನಾಲ್ಕನೇ ಮಗ ಇದಾನೆ, ಹಗ್ಗ ತಗೊಂಡು ಹತ್ತಲಿ ಅಂದು ಹಿತ್ತಿಲಿಗೆ ಹೋದಳಂತೆ.

ಹೋಗಿ ನೋಡ್ತಾಳೆ, ಬಂಡೆಯ್ಯ ಕಲ್ಲುಬಾನಿ ಪಕ್ಕ ಸತ್ತಂಗೆ ಬಿದ್ದದೆ. ಗಂಡ ಬರ್ತಾನೆ ಅಂತ ದಾರಿ ನೋಡೋದರಲ್ಲಿ ಮನೇಲಿ ಯಾರೂ ಅದರ ಕಡೆ ಕಣ್ಣು ಹಾಕಿರಲಿಲ್ಲ. ಮೂಗಿನ ಸುತ್ತ, ಕಂಕುಳಲ್ಲಿ, ಬಾಲದ ಬುಡದಲ್ಲಿ ಹರಳುಬೀಜದಂಗೆ ಉಣ್ಣಿ ಕಚ್ಚಿಕೊಂಡವೆ. ಸೊಂಟದ ಪಕ್ಕ ನಿಂಬೆಹಣ್ಣಿನಷ್ಟು ಗಂಟು. ಮೊಟ್ಟೆ ಇಟ್ರೆ ನಾಲಿಗೆ ಚಾಚಲ್ಲ.

ದೊಡ್ಡೋನು ಓಬ ಅಂದನಂತೆ, ಇದೇನವ್ವ, ನಮ್ಮೆತ್ತಿಗೆ ಉಣ್ಣಿ ಕಿತ್ತೋನಿಗೆ ಇದೊಂದು ಕೆಲಸವಾ. ಉಗುರಲ್ಲಿ ಚಿವುಟಿ ಚಿವುಟಿ ಎಳೆದನಂತೆ. ಉಣ್ಣೀದು ಹೊಟ್ಟೆ ಬಂತು, ತಲೆ ಒಳಗೇ ಉಳೀತು. ಕಿತ್ತ ಜಾಗವೆಲ್ಲ ಹುಣ್ಣಾಯ್ತು, ಹುಣ್ಣಿಗೆ ನೊಣ ಮುತ್ತಿದವು. ಓಬ ತಲೆ ತಗ್ಗಿಸಿಕೊಂಡು ಎದ್ದು ಹೋದನಂತೆ.

ಆಮೇಲೆ ನಡುವಿನೋನು ಸೂರ ಬಂದನಂತೆ. ಹೊಗೆಸೊಪ್ಪು ಕುದಿಸಿ ಆ ನೀರನ್ನ ಮೈಗೆಲ್ಲ ಬಳಿದನಂತೆ. ಗಂಟಿಗೆ ಅಗಸೆಹಿಟ್ಟಿನ ಬಿಸಿ ಪಟ್ಟು ಹಾಕಿ, ಕುರು ಹಣ್ಣಾಗಿ ಒಡೀತದೆ, ನೋಡ್ತಿರವ್ವ ಅಂದನಂತೆ. ಗಂಟು ಹಣ್ಣಾಗೋದಿರಲಿ, ಹೊಗೆಸೊಪ್ಪಿನ ನಂಜು ಚರ್ಮದೊಳಗೆ ಇಳಿದು ಬಂಡೆಯ್ಯ ಬಾಯಿ ತೆರೆದು, ಕಾಲು ಸೆಳೆದು ನಡುಗೋಕೆ ಶುರುಮಾಡಿತಂತೆ. ಬೋರವ್ವ ತಣ್ಣೀರಲ್ಲಿ ತೊಳೆದು ತೊಳೆದು ಮಡಿಲಲ್ಲಿ ಇಟ್ಕೊಂಡು ಕೂತಳಂತೆ. ಅಷ್ಟೊತ್ತಿಗೆ ಪಡುವಲ ದಿಕ್ಕಲ್ಲಿ ಒಂದು ಕರೀ ಮೋಡ ತಲೆ ಹಾಕಿತಂತೆ. ಹೂಂ ಅನ್ನೋ, ನಿದ್ದೆ ಹೋದ್ಯೇನೋ?

ಇನ್ನು ಉಳಿದೋನು ಕಿರಿಯೋನು ಕಾಟ. ಅವನ ಬಾಯಿ ಎಂಥದು ಅಂತೀಯ. ಓಬಣ್ಣ ಎತ್ತಿನ ವೈದ್ಯ, ಸೂರಣ್ಣ ಎಮ್ಮೆ ವೈದ್ಯ, ಉಡದ ವೈದ್ಯ ಅಂದ್ರೆ ಈ ಸೀಮೇಲಿ ನಾನೊಬ್ಬನೇ ಅಂದನಂತೆ. ಅಂದೋನು ಸುಮ್ಮನೆ ಕೂರಲಿಲ್ಲ. ಕಲ್ಲುಬಾನೀಲಿ ಉಗುರುಬೆಚ್ಚಗಿನ ನೀರು ತುಂಬಿ ಬಂಡೆಯ್ಯನ್ನ ಕುತ್ತಿಗೆವರ್ಗೂ ಮುಳುಗಿಸಿ ಹಿಡಕೊಂಡನಂತೆ. ಸಣ್ಣ ಸಣ್ಣ ಹೇನು ಎಳ್ಳು ಚೆಲ್ಲಿದಂಗೆ ನೀರ ಮೇಲೆ ತೇಲಿದವಂತೆ. ದೊಡ್ಡ ಉಣ್ಣೀನ ಚರ್ಮದ ಹತ್ರವೇ ಹಿಡಿದು, ತಿರುಚದೆ, ಮೆಲ್ಲಗೆ ನೆಟ್ಟಗೆ ಎಳೆದನಂತೆ, ತಲೆ ಸಮೇತ ಬಂದವು. ನೋಡಿದ್ರಾ ಅಂತ ಮೀಸೆ ಇಲ್ಲದ ಕಡೆ ಮೀಸೆ ತಿರುವಿದನಂತೆ.

ಎರಡು ದಿನ ಕಳೆದ್ರೆ ಮತ್ತೆ ಅಷ್ಟೇ ಹೇನು. ಕಾಟನ ಮುಖ ಇಂಗು ತಿಂದಂಗಾಯ್ತು. ಇವು ಎಲ್ಲಿಂದ ಬರ್ತಾವೆ ಅಂತ ಬಿಸಿಲಿಗೆ ಎತ್ತಿ ಹಿಡಿದು ಹುಡುಕಿದನಂತೆ, ಬೆರಳನ್ನ ಉಡಿದಾರದ ಕೆಳಗೆ ತೂರಿಸೋಕೆ ಹೋದನಂತೆ. ಬೆರಳು ಹೋಗಲಿಲ್ಲ ಕಣೋ. ನಿಮಗಾದ್ರೆ ಬೆಳೆದಂಗೆಲ್ಲ ಹಳೇದು ಹರಿದು ಹೊಸದು ಕಟ್ತೀವಿ. ಅದೂ ಬೆಳೀತದೆ ಅಂತ ಆ ಮನೇಲಿ ಒಬ್ಬರಿಗೂ ಹೊಳೀಲಿಲ್ಲ. ದಾರ ಚರ್ಮದೊಳಗೆ ಇಳಿದುಬಿಟ್ಟಿತ್ತಂತೆ. ಅದರ ಕೆಳಗೇ ಹೇನಿನ ಗೂಡು, ಅದು ಕೊಯ್ದ ಗಾಯದ ಮೇಲೇ ಆ ಗಂಟು.

ಅವ್ವ, ಇದನ್ನ ಹರೀಬೇಕು ಅಂದನಂತೆ ಕಾಟ. ಬೋರವ್ವನ ಕೈಲಿದ್ದ ಚೊಂಬು ಕೆಳಗೆ ಬಿತ್ತಂತೆ.

ಏನಂದೆ? ಸತ್ತೋರ ಉಡಿದಾರ ಕಣೋ ಹರಿಯೋದು. ನಿಮ್ಮಪ್ಪ ಕೊನೇಗೆ ಕೈಯಾರೆ ಕಟ್ಟಿದ್ದು ಇದು. ಇದು ಇರೋವರ್ಗೂ ಅವನಿದಾನೆ ಅಂತ ನಾನು ಉಸಿರು ಹಿಡಿದಿದೀನಿ. ಹೊಸದು ಕಟ್ಟದೆ ಇದನ್ನ ಹರಿದ್ರೆ ನಿಮ್ಮಪ್ಪನ ಬಾಯಿಗೆ ನಾನೇ ಅಕ್ಕಿ ಹಾಕಿದಂಗೆ.

ಹೊಸದು ಕಟ್ಟೋಕೆ ಗಾಯ ಬಿಡಲ್ಲವ್ವ. ಹರೀದೇ ಇದ್ರೆ ಇದು ಸಾಯ್ತದೆ, ಇದು ಸತ್ರೆ ಅಪ್ಪನೂ ಹೋದ.

ಹರಿದ್ರೂ ಸಾವು, ಬಿಟ್ರೂ ಸಾವು. ಬೋರವ್ವ ಒಲೆ ಹಚ್ಚಲಿಲ್ಲ, ತಲೆ ಬಾಚಲಿಲ್ಲ, ಹಿತ್ತಿಲ ಕಲ್ಲಿನ ಮೇಲೆ ಕೂತು ಆಕಾಶ ನೋಡಿದಳಂತೆ. ಮೋಡ ದಿನಾ ಒಂದು ಮೊಳ ಮೇಲೇರ್ತಿತ್ತಂತೆ. ಮೂರು ಗಂಡುಮಕ್ಕಳು ಕಂಬಕ್ಕೊರಗಿ ನಿಂತ್ರು. ಕೊನೇಗೆ ಬಂಡೆಯ್ಯ ಒಂದ್ಸಾರಿ ಕಣ್ಣು ತೆರೆದು, ಮೆಲ್ಲಗೆ ನಾಲಿಗೆ ಚಾಚಿ ಅವಳ ಹೆಬ್ಬೆರಳು ಮುಟ್ಟಿತಂತೆ. ಮೊಟ್ಟೆ ಕೇಳೋವಾಗ ಮುಟ್ತಿದ್ದಂಗೆ.

ಬೋರವ್ವ ಎದ್ದಳಂತೆ. ಕಾಟ ಚೂರಿ ಕಾಸಿ ತಂದ, ದಾರದ ಹತ್ರ ಇಟ್ಟು ಹಿಂದಕ್ಕೆ ತೆಗೆದ, ಮತ್ತೆ ಇಟ್ಟು ಮತ್ತೆ ತೆಗೆದ. ಬಾಯಿ ನೋಡಿದ್ರೆ ಬಂಡೆ ಒಡೀತದೆ, ಕೈ ನೋಡಿದ್ರೆ ಬೆಣ್ಣೆ ಕುಯ್ಯಲ್ಲ, ಕೊಡಿಲ್ಲಿ ಅಂತ ಬೋರವ್ವ ಚೂರಿ ಕಿತ್ಕೊಂಡು, ಗಂಡನ ಹೆಸರು ಹೇಳಬಾರದು ಅಂತಿದ್ದೋಳು ಅವತ್ತು ಬಾಯಿಬಿಟ್ಟು, ಪಾಲಯ್ಯಾ, ತಪ್ಪಾದ್ರೆ ನಂದು ಅಂದು ಉಡಿದಾರ ಹರಿದಳಂತೆ. ಆಮೇಲೆ ಗಂಟು ಸೀಳಿದ್ರೆ ಕೀವು ಹರೀಲಿಲ್ಲ. ನಮ್ಮ ಕುರುವಿನಂಗಲ್ಲ ಅದು, ಗಿಣ್ಣದ ಗಡ್ಡೆ ಇರ್ತದಲ್ಲ, ಹಂಗೆ ಗಟ್ಟಿಯಾಗಿ ಇಡಿಯಾಗಿ ಎದ್ದು ಬಂತಂತೆ. ಸೂರ ಹಾಕಿದ ಪಟ್ಟಿಗೆ ಕರಗೋದಾಗಿದ್ರೆ ತಾನೆ. ಉಪ್ಪುನೀರಲ್ಲಿ ಗುಳಿ ತೊಳೆದು, ಅದು ಮಲಗ್ತಿದ್ದ ಹಳೇ ಗೋಣಿಚೀಲವನ್ನ ಹೇನಿನ ಸಮೇತ ಸುಟ್ಟು, ದಿನಾ ಬಿಸಿಲುಬಂಡೆ ಮೇಲೆ ಮಲಗಿಸಿದ್ರಂತೆ. ಗುಳಿ ಮುಚ್ಚೋದು ನಿಧಾನ, ಮೋಡ ಏರೋದು ಬಿರುಸು. ಮೋಡ ನಡುನೆತ್ತಿಗೆ ಬಂದ ದಿನ ಬಂಡೆಯ್ಯ ಒಂದು ಮೊಟ್ಟೆ ಒಡೆದು ನೆಕ್ಕಿತಂತೆ.

ಅವತ್ತೇ ಆಚೆ ದುರ್ಗದ ಬಂಡೆ ಬುಡಕ್ಕೆ ಹೊರಟ್ರಂತೆ. ಸೊಂಟಕ್ಕೆ ಹಗ್ಗ ಕಟ್ಟೋಹಂಗಿಲ್ಲ, ಹೊಸ ಚರ್ಮ ಬಾಳೆಪದರದಂಗಿತ್ತು. ಅದಕ್ಕೆ ಬೋರವ್ವ ಆ ಹರಿದ ಉಡಿದಾರವನ್ನೇ ಬಾಲದ ಬುಡಕ್ಕೆ ಸಡಿಲವಾಗಿ ಸುತ್ತಿ, ಅದಕ್ಕೊಂದು ನೂಲೆಳೆ ಗಂಟುಹಾಕಿ, ಗಂಟು ನೋಡಿದ್ರೆ ಮನೇದು ಅಂತ ಗೊತ್ತಾಗ್ತದೆ ಅಂದಳಂತೆ. ಮೋಡದ ಸಂದಿಂದ ಬಿದ್ದ ಬಿಸಿಲಲ್ಲಿ ಬಂಡೆಯ್ಯ ಮೈ ಕಾಸಿಕೊಂಡು ಹತ್ತಿತಂತೆ. ನೂಲು ಬಿಚ್ತಾ ಬಿಚ್ತಾ ಹೋಗಿ ನಿಂತಿತು. ಮೇಲಿಂದ ಯಾರೂ ಎಳೀಲಿಲ್ಲ.

ಯಾಕೆ ಗೊತ್ತಾ? ಗವೀಲಿ ಪಾಲಯ್ಯ ಕಂಡಿದ್ದು ಹರಿದ ಉಡಿದಾರ. ನಾಲ್ಕೂ ಮಕ್ಕಳಿಗೆ ತಾನೇ ಕಟ್ಟಿದಂಥದು. ಮನೇಲಿ ಯಾರೋ ಹೋದ್ರು, ಸುದ್ದಿ ಕಳಿಸಿದಾರೆ ಅಂದ್ಕೊಂಡನಂತೆ. ಓಬನೋ? ಸೂರನೋ? ಕಾಟನೋ? ಇನ್ನು ನಾನು ಇಳಿದು ಯಾರ ಮುಖ ನೋಡ್ಲಿ ಅಂತ ಮೊಣಕಾಲಿಗೆ ತಲೆ ಇಟ್ಟು ಕೂತುಬಿಟ್ಟನಂತೆ. ಕೆಳಗೆ ಬೋರವ್ವ ನೂಲು ಹಿಡಿದು ನಿಂತವಳೆ, ನೂಲು ಅಲ್ಲಾಡಲ್ಲ. ನಾನು ಹರಿದೆ, ಅವನು ಹೋದ ಅಂತ ಅವಳು ಅಲ್ಲೇ ಕುಸಿದಳಂತೆ. ಮೇಲೆ ಅವನು, ಕೆಳಗೆ ಇವಳು, ನಡುವೆ ಒಂದೆಳೆ ನೂಲು.

ಬಂಡೆಯ್ಯನಿಗೆ ಇದೆಲ್ಲ ಏನು ಗೊತ್ತು? ಅದು ಹೋಗಿ ಅವನ ತೊಡೆ ಮೇಲೆ ಏರಿ ಮಲಗಿತಂತೆ, ಯಾವಾಗಲೂ ಮಲಗ್ತಿದ್ದಂಗೆ. ಪಾಲಯ್ಯ ಕಣ್ಣು ಮುಚ್ಚಿಕೊಂಡೇ ಬೆನ್ನು ಸವರಿದ. ಕೈ ಸೊಂಟಕ್ಕೆ ಬಂತು. ದಾರ ಇಲ್ಲ. ದಾರ ಇದ್ದ ಕಡೆ ಸುತ್ತಲೂ ಗುಳಿಬಿದ್ದ ಕಲೆ, ಪಕ್ಕದಲ್ಲಿ ಮುಚ್ಚಿದ ಗಾಯ, ಮೆತ್ತನೆ ಹೊಸ ಚರ್ಮ. ಸತ್ತೋರಿಗೆ ಹೊಸ ಚರ್ಮ ಬರ್ತದೇನೋ? ಓಹೋ, ಬದುಕಲಿ ಅಂತ ಹರಿದಿದಾಳೆ ಅಂದನಂತೆ ಪಾಲಯ್ಯ. ಅಂದು ಬಾಲದ ದಾರ ಬಿಚ್ಚಿಕೊಂಡು ನೂಲು ಜಗ್ಗಿದನಂತೆ.

ಆಮೇಲೆ ನೂಲಿಗೆ ಹುರಿ, ಹುರಿಗೆ ಹಗ್ಗ. ಹಗ್ಗಾನ ಕಲ್ಲಿಗೆ ಬಿಗಿದು ಇಳಿದನಂತೆ. ಅವನ ಕಾಲು ಮಣ್ಣು ಮುಟ್ಟೋದಕ್ಕೂ ನೆತ್ತಿ ಮೇಲೆ ಗುಡುಗು ಹೊಡೆಯೋದಕ್ಕೂ ಸರಿಹೋಯ್ತಂತೆ. ಕಾಟ ಮಾತ್ರ, ಗುಡುಗಿಗೆ ತಡಿ ಅಂತ ಹೇಳಿದ್ದು ನಾನೇ ಅಂದನಂತೆ, ಓಬ ತಲೆಗೊಂದು ಮೊಟಕಿದನಂತೆ.

ಬಂಡೆಯ್ಯ ಇಳೀಲಿಲ್ಲ. ಪಾಲಯ್ಯ ಸಿಳ್ಳೆ ಹಾಕಿದ, ಮತ್ತೆ ಹಾಕಿದ. ಅದು ಗವಿಬಾಯಿಂದ ಒಂದ್ಸಾರಿ ಇಣುಕಿ, ಮಳೆ ಹನಿ ಬಿದ್ದ ಕೂಡ್ಲೇ ತಿರುಗಿ ಬಿರುಕೊಳಗೆ ಹೋಯ್ತಂತೆ. ಮೈಮೇಲೆ ಒಂದೆಳೆ ದಾರವಿಲ್ಲದೆ. ಹೋಗ್ಲಿ ಬಿಡು ಅಂದಳಂತೆ ಬೋರವ್ವ, ಅಂದು ಸೆರಗು ಬಾಯಿಗೆ ಒತ್ಕೊಂಡಳಂತೆ. ಆ ಮನೆಯೋರು ಮಳೆ, ಬೆಳೆ, ಮಕ್ಕಳು, ಮೊಮ್ಮಕ್ಕಳು ಅಂತ ಚೆನ್ನಾಗೇ ಬಾಳಿದ್ರಂತೆ. ಆದ್ರೆ ಬೋರವ್ವ ಸಾಯೋವರ್ಗೂ ದಿನಾ ಒಂದು ಮೊಟ್ಟೆ ಆ ಕಲ್ಲುಬಾನಿ ಪಕ್ಕ ಇಡ್ತಿದ್ದಳಂತೆ.

ಎಲ್ಲಿ, ತಿರುಗು. ಅಂಗಿ ಎತ್ತು. ನೋಡಿದ್ಯಾ, ನಿಂದೂ ಎಷ್ಟು ಬಿಗಿಯಾಗದೆ, ಕೆಂಪಗೆ ಬರೆ ಬಿದ್ದದೆ. ಅದಕ್ಕೇ ಕೆರೀತಿರೋದು. ತಡಿ, ಹರಿದು ಬೆರಳು ಆಡೋಹಂಗೆ ಹೊಸದು ಕಟ್ತೀನಿ. ಅಳಬ್ಯಾಡ, ಏನೂ ಆಗಲ್ಲ, ನೀನು ಬೆಳೆದಿದೀಯ ಅಷ್ಟೇ. ಬಂಡೆಯ್ಯ ಬಿರುಕೊಳಗೆ, ನೀನು ಕಂಬಳಿಯೊಳಗೆ. ಕತೆ ಮುಗೀತು.